ಬಿರುಗಾಳಿಗೆ ಹಿಂದಿರುಗುವದು ಅವಿಶ್ವಾಸವೋ?

ಬೆಂಗಳೂರಿನ ತೆಂಕಣ ಭಾಗದ ಜಯನಗರ, ಬನಶಂಕರಿ ಮುಂತಾದ ಬಡಾವಣೆಗಳ ಯೌವನಸ್ಥರು ವಾರದ ಕೊನೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು, ರಾತ್ರಿಯ ಬಸ್ಸಿನಲ್ಲಿ ಪಡುವಣ ಘಟ್ಟಕ್ಕೆ ಹೋಗಿ, 1,894 ಮೀಟರ್ ಎತ್ತರದ ಕುದುರೆಮುಖವನ್ನೂ 1,712 ಮೀಟರ್ ಎತ್ತರದ ಕುಮಾರಪರ್ವತವನ್ನೂ ಏರುವದುಂಟು. ಸೌದೆ ಹೊತ್ತು ಗುಡ್ಡ ಇಳಿಯುವ ನಮ್ಮ ಹಳ್ಳಿಯವರಿಗೆ ಇದು ಕೆಲಸವಿಲ್ಲದವರ ಕೆಲಸವೆಂದು ತೋರೀತು. ಅದಿರಲಿ. ಅವರ ಏರುವಿಕೆಯಲ್ಲಿ ಹುಟ್ಟುವ ಒಂದು ಪ್ರಶ್ನೆಯು ನಮಗೂ ಸಂಬಂಧಪಟ್ಟದ್ದೇ. ಅದೇನೆಂದರೆ, ಬಿರುಗಾಳಿ ಎದ್ದಾಗ ದೇವರನ್ನು ನಂಬಿ ಮುಂದೆ ಹೋಗತಕ್ಕದ್ದೋ, ಹಿಂದಿರುಗತಕ್ಕದ್ದೋ?

ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಗಾಳಿಯು ಘಟ್ಟದ ಗೋಡೆಗೆ ತಾಗಿ ಮೇಲಕ್ಕೇರಿ, ಬೆಟ್ಟದ ನೆತ್ತಿಯನ್ನು ದಾಟುವಲ್ಲಿ ರಭಸಗೊಳ್ಳುವದು. ಆಗ ಬೆನ್ನಿನ ಚೀಲವು ಹಡಗಿನ ಹಾಯಿಯಂತೆ ಗಾಳಿ ಹಿಡಿದು ಮನುಷ್ಯನನ್ನು ಪಕ್ಕಕ್ಕೆ ತಳ್ಳುವದು. ಇದಕ್ಕಿಂತ ಕೆಟ್ಟದ್ದು ಬೇರೊಂದುಂಟು. ಮಳೆಯಲ್ಲಿ ನೆನೆದ ಮೈಯ ಕಾವನ್ನು ಗಾಳಿಯು ಕದ್ದೊಯ್ಯುವದು. ಮೊದಲು ನಡುಕ ಹುಟ್ಟಿ, ಆಮೇಲೆ ಮಾತು ತೊದಲಿ, ಹೆಜ್ಜೆ ತಪ್ಪಿ, ಬುದ್ಧಿಯು ಮಂಕಾಗುವದು. ಅಂಥವನನ್ನು ಕೇಳಿದರೆ, ನನಗೇನೂ ಆಗಿಲ್ಲ, ನಡೆಯಿರಿ ಎಂದಾನು. ಅಪಾಯವನ್ನು ಅಳೆಯತಕ್ಕ ಬುದ್ಧಿಯೇ ಅಪಾಯದಲ್ಲಿ ಸಿಕ್ಕಿರುವದರಿಂದ ಅವನ ವಿಷಯದಲ್ಲಿ ಅವನ ಮಾತು ಸಾಕ್ಷಿಯಾಗಲಾರದು, ಜೊತೆಯವನೇ ನೋಡಬೇಕು.

ಪ್ರಾರ್ಥಿಸಿ ಹೊರಟಿದ್ದೇವೆ, ಕರ್ತನು ಕಾಯುವನು ಎಂದು ಕೆಲವರು ಹೇಳುವರು. ಮಾತು ಸತ್ಯವೇ. ಆದರೆ ದೇವಾಲಯದ ಶಿಖರದ ಮೇಲೆ ಸೈತಾನನು ನಮ್ಮ ಸ್ವಾಮಿಗೆ ನೆನಪು ಮಾಡಿದ್ದೂ ದೇವರು ಕಾಯುವನೆಂಬ ವಾಕ್ಯವನ್ನೇ. ಸ್ವಾಮಿಯು ಆ ವಾಗ್ದಾನವನ್ನು ಅಲ್ಲಗಳೆಯಲಿಲ್ಲ, ಧುಮುಕಲಿಲ್ಲ, ಅಷ್ಟೇ.

ಹಾಗಾದರೆ ಹಿಂದಿನ ಬೋಧಕರು ಅಪಾಯಕ್ಕೆ ಅಂಜಿ ಮನೆಯಲ್ಲಿ ಕೂತರೋ? ಇಲ್ಲ. ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗರು 1853ರಲ್ಲಿ ಕೊಡಗಿನ ಬೆಟ್ಟಗಳಿಗೆ ಹೋದರು. ಆದರೆ ಅವರನ್ನು ಕರೆಯುವದಕ್ಕೆ ಕೊಡಗಿನವನೊಬ್ಬನು ಬಂದಿದ್ದನು. ಶಿಖರವಾದರೋ ಯಾರನ್ನೂ ಕರೆಯುವದಿಲ್ಲ.

ನನ್ನ ಎಣಿಕೆಯಲ್ಲಿ, ಜನರನ್ನು ಗಾಳಿಯೊಳಕ್ಕೆ ನೂಕುವದು ಅನೇಕ ವೇಳೆ ವಿಶ್ವಾಸವಲ್ಲ, ಕೊಟ್ಟ ಬಸ್ ಚಾರ್ಜು. ಹಣ ಹೋಯಿತು, ರಜೆ ಮುಗಿಯಿತು, ಗೆಳೆಯರು ನಕ್ಕಾರು ಎಂಬ ಲೆಕ್ಕ. ಪೌಲನು ಸೆರೆಯವನಾಗಿ ಹೋಗುತ್ತಿದ್ದ ಹಡಗಿನಲ್ಲಿಯೂ ಹೀಗೆಯೇ ಆಯಿತು. ಮುಂದಿನ ಪ್ರಯಾಣದಲ್ಲಿ ನಷ್ಟವುಂಟೆಂದು ಅವನು ಕ್ರೇತದ ರೇವಿನಲ್ಲಿ ಎಚ್ಚರಿಸಿದರೂ, ಶತಾಧಿಪತಿಯು ಹಡಗಿನ ಯಜಮಾನನ ಮಾತನ್ನೇ ಹೆಚ್ಚಾಗಿ ನಂಬಿದನು. ತೆಂಕಣ ಗಾಳಿ ಮೆಲ್ಲಗೆ ಬೀಸಿತು, ಹೊರಟರು. ಬಹಳ ಹೊತ್ತಾಗುವದಕ್ಕೆ ಮುಂಚೆ ಬಿರುಗಾಳಿ ಹೊಡೆಯಿತು. ಯಾವ ಸರಕಿಗಾಗಿ ಹೊರಟಿದ್ದರೋ ಅದನ್ನೇ ಸಮುದ್ರಕ್ಕೆ ಎಸೆಯಬೇಕಾಯಿತು. ನಿಲ್ಲಿರೆಂದು ಹೇಳಿದ ಪೌಲನನ್ನು ಅವಿಶ್ವಾಸಿಯೆಂದು ಯಾರು ಹೇಳಿಯಾರು?

ಒಂಟಿಯಾಗಿ ಹೋಗುವವನ ಲೆಕ್ಕವು ಅವನಿಗೂ ದೇವರಿಗೂ ಇರಲಿ. ಗುಂಪಿನಲ್ಲಿ ಹೋಗುವವನ ಕೈಯಲ್ಲಿಯಾದರೋ ಮತ್ತೊಬ್ಬನ ಪ್ರಾಣವೂ ಇದೆ. ಹಿಂದಿರುಗೋಣವೆಂದು ಹೇಳಲು ಬಲಹೀನನು ನಾಚುವನು. ಆದಕಾರಣ ಆ ಮಾತನ್ನು ಬಲವುಳ್ಳವನೇ ಮೊದಲು ಆಡಬೇಕು. ನಮ್ಮ ಹಳ್ಳಿಗಳಲ್ಲಿ ನಡೆಯುವದೇನು? ಹಳ್ಳ ತುಂಬಿ ಬಂದ ಭಾನುವಾರ, ಆರಾಧನೆಗೆ ಹೊರಟವರಲ್ಲಿ ದಾಟೋಣವೆಂದು ಮೊದಲು ನೀರಿಗಿಳಿಯುವವನು ಈಜು ಬಲ್ಲವನೇ. ಅವನ ಹಿಂದೆ ಕೂಸನ್ನೆತ್ತಿಕೊಂಡು ದಡದಲ್ಲಿ ನಿಂತವಳನ್ನು ಯಾರೂ ಕೇಳುವದಿಲ್ಲ.