ಒಂದು ದಿನದ ಪಯಣ: ನೋಟಕ್ಕೂ ಬೇಕು ಮಿತಿ

ನೋಡುವುದೂ ಒಂದು ನೈತಿಕ ಕ್ರಿಯೆಯೇ? ಮಾತು ಮತ್ತು ಕೃತಿಗಳ ಬಗ್ಗೆ ಆತ್ಮಶೋಧನೆ ಮಾಡಿಕೊಳ್ಳುವ ನಾವು ಕಣ್ಣಿನ ವಿಷಯಕ್ಕೆ ಬಂದಾಗ ಪರಿಶುದ್ಧತೆಯನ್ನು ಕುರಿತು ಮಾತ್ರ ವಿಚಾರಿಸುತ್ತೇವೆ. ಪ್ರವಾಸವು ಸಾಮಾನ್ಯ ಕುಟುಂಬಗಳಿಗೂ ಎಟುಕುತ್ತಿರುವ ಈ ಕಾಲದಲ್ಲಿ, ಪರಸ್ಥಳವನ್ನು ಹೇಗೆ ನೋಡಬೇಕು, ಎಷ್ಟು ನೋಡಬೇಕು, ಯಾತಕ್ಕಾಗಿ ನೋಡಬೇಕು ಎಂಬುದನ್ನು ಕೇವಲ ಅನುಕೂಲದ ಪ್ರಶ್ನೆಯೆಂದು ಬಿಟ್ಟುಬಿಡಲಾಗದು. ಒಂದು ಉದಾಹರಣೆಯ ಮೂಲಕ ಇದನ್ನು ಚಿಂತಿಸೋಣ.

ಇಟಲಿಯ ಪೂರ್ವ ಕರಾವಳಿಯಲ್ಲಿ, ಆಡ್ರಿಯಾಟಿಕ್ ಸಮುದ್ರದ ದಡದಲ್ಲಿ, ಅಬ್ರುಝೊ ಪ್ರಾಂತ್ಯಕ್ಕೆ ಸೇರಿದ ಸಾನ್ ವೀತೊ ಕಿಯೆತೀನೊ ಎಂಬ ಗ್ರಾಮವಿದೆ. ಹಳೆಯ ಊರು ದಿಬ್ಬದ ಮೇಲೆ, ಕೆಳಗೆ ಸಮುದ್ರ. ಈ ಕರಾವಳಿಯುದ್ದಕ್ಕೂ ‘ತ್ರಬೊಕ್ಕೊ’ ಎಂಬ ಮರದ ಅಟ್ಟಣೆಗಳು ಅಲೆಗಳ ನಡುವೆ ಕಂಬಗಳನ್ನೂರಿ ನಿಂತಿವೆ. ಅಟ್ಟಣೆಯಿಂದ ಹೊರಚಾಚಿದ ಉದ್ದನೆಯ ತೋಳುಗಳಿಗೆ ಬಲೆ ಕಟ್ಟಿ, ನೀರಿಗಿಳಿಸಿ, ಕಾದು, ಮೇಲೆತ್ತುವುದು ಅಲ್ಲಿಯ ಹಳೆಯ ಮೀನುಗಾರಿಕೆಯ ಕ್ರಮ. ಕೊಚ್ಚಿಯ ಚೀನಾ ಬಲೆಗಳನ್ನು ಕಂಡವರಿಗೆ ಇದರ ಕಲ್ಪನೆ ಸುಲಭವಾಗಿ ಬರುತ್ತದೆ. ಇಂದು ಅವುಗಳಲ್ಲಿ ಹಲವು ಭೋಜನಗೃಹಗಳಾಗಿವೆ.

ರೋಮಿನ ಯಾತ್ರೆ ಮುಗಿಸಿ ಇಲ್ಲಿ ನಾಲ್ಕು ದಿನ ತಂಗುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ದೂರದಲ್ಲಿ ನೋಡಬೇಕಾದದ್ದು ಧಾರಾಳವಾಗಿದೆ. ಉತ್ತರಕ್ಕೆ ಒರ್ತೋನ, ಒಳನಾಡಿನಲ್ಲಿ ಲಾಂಚಾನೊ, ದಕ್ಷಿಣಕ್ಕೆ ಫೊಸ್ಸಾಚೇಸಿಯದ ಪ್ರಾಚೀನ ಮಠ, ಇನ್ನೂ ಮುಂದೆ ವಾಸ್ತೊ. ಬೆಟ್ಟಗಳ ಕಡೆಗೆ ಮಾನೊಪ್ಪೆಲ್ಲೊ ಮತ್ತು ಸುಲ್ಮೋನ. ಬಾಡಿಗೆಯ ಕಾರೊಂದಿದ್ದರೆ ದಿನಕ್ಕೆ ಮೂರು ಸ್ಥಳಗಳನ್ನು ‘ಮುಗಿಸಬಹುದು’. ನಮ್ಮ ಪ್ರಶ್ನೆ ಇರುವುದು ಈ ‘ಮುಗಿಸುವ’ ಮನೋಭಾವದಲ್ಲಿಯೇ.

ಸಂತ ತೋಮಾಸ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲಾಜಿಕಾ’ದಲ್ಲಿ ಅರಿಯುವ ಆಸೆಯನ್ನೂ ಮಿತತ್ವದ ಸದ್ಗುಣದ ಅಡಿಯಲ್ಲಿ ವಿವೇಚಿಸುತ್ತಾರೆ. ಅನ್ನದ ಹಸಿವಿಗೆ ಮಿತಿ ಬೇಕಾದಂತೆ ಅರಿವಿನ ಹಸಿವಿಗೂ ಮಿತಿ ಬೇಕು. ಸರಿಯಾದ ಮಾರ್ಗದಲ್ಲಿ ನಡೆಯುವ ಹಸಿವನ್ನು ಅವರು ಅಧ್ಯಯನಶೀಲತೆ ಎನ್ನುತ್ತಾರೆ. ದಾರಿತಪ್ಪಿದ್ದನ್ನು ವ್ಯರ್ಥ ಕುತೂಹಲ ಎನ್ನುತ್ತಾರೆ. ಮೊದಲನೆಯದು ಕಂಡದ್ದರ ಬಳಿ ನಿಂತು ಅದರ ಸತ್ಯವನ್ನು ವಿಚಾರಿಸುತ್ತದೆ. ಎರಡನೆಯದಕ್ಕೆ ಕಂಡೆನೆಂಬುದೇ ಸಾಕು.

ಈ ವ್ಯತ್ಯಾಸವನ್ನು ಅರಿಯಲು ಒರ್ತೋನಕ್ಕೆ ಹೋಗೋಣ. ಸಾನ್ ವೀತೊದಿಂದ ರೈಲಿನಲ್ಲಿ ಕೆಲವೇ ನಿಮಿಷಗಳ ದಾರಿ. ಆದರೆ ನಿಲ್ದಾಣ ಕೆಳಗೆ, ಊರು ಮೇಲೆ, ಏರಿ ಹೋಗಬೇಕು. ಭಾರತಕ್ಕೆ ಶುಭಸಂದೇಶ ತಂದರೆಂದು ನಾವು ಗೌರವಿಸುವ ಪ್ರೇಷಿತ ಸಂತ ತೋಮಾಸರ ಪವಿತ್ರ ಅವಶೇಷಗಳನ್ನು ಅಲ್ಲಿಯ ಮಹಾದೇವಾಲಯದಲ್ಲಿ ಪೂಜ್ಯಭಾವದಿಂದ ಕಾಪಾಡಲಾಗಿದೆ. 1258ರಲ್ಲಿ ಒರ್ತೋನದ ನಾವಿಕರು ಕಿಯೊಸ್ ದ್ವೀಪದಿಂದ ಅವನ್ನು ತಂದರು. ಯಾರೂ ಅವರಿಗೆ ಅವನ್ನು ಕಾಣಿಕೆಯಾಗಿ ಕೊಡಲಿಲ್ಲ. ಯುದ್ಧದ ಕೊಳ್ಳೆಯ ಜೊತೆಗೆ ಅವೂ ಬಂದವು. ಪವಿತ್ರವಾದುದನ್ನು ಕಾಣುವ ಆಸೆ ಅದನ್ನು ವಶಪಡಿಸಿಕೊಳ್ಳುವ ಆಸೆಯಾಗಿ ಮಾರ್ಪಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಎಲ್ಲವನ್ನೂ ಚಿತ್ರದಲ್ಲಿ ಸೆರೆಹಿಡಿದು ಒಯ್ಯುವ ನಮ್ಮ ಅವಸರದಲ್ಲಿ ಆ ಹಳೆಯ ಆಸೆಯ ಅಂಶ ಇಲ್ಲವೆನ್ನಲಾದೀತೇ?

ಒರ್ತೋನದಿಂದ ಲಾಂಚಾನೊ ಬಹು ದೂರವೇನಲ್ಲ. ಎಂಟನೆಯ ಶತಮಾನದಲ್ಲಿ, ಪರಮಪ್ರಸಾದದಲ್ಲಿ ಪ್ರಭುವಿನ ನಿಜ ಪ್ರಸನ್ನತೆಯನ್ನು ಸಂದೇಹಿಸುತ್ತಿದ್ದ ಸನ್ಯಾಸಿಯೊಬ್ಬರು ಬಲಿಪೂಜೆ ಅರ್ಪಿಸುತ್ತಿದ್ದಾಗ ರೊಟ್ಟಿ ಮತ್ತು ದ್ರಾಕ್ಷಾರಸ ಮಾಂಸ ಮತ್ತು ರಕ್ತವಾದವೆಂಬುದು ಅಲ್ಲಿಯ ಪರಂಪರೆ. 1970-71ರಲ್ಲಿ ಆ ಅವಶೇಷಗಳನ್ನು ಪರೀಕ್ಷಿಸಿದ ವೈದ್ಯ ಪ್ರಾಧ್ಯಾಪಕ ಒಡೊಆರ್ದೊ ಲಿನೋಲಿಯವರು ಅವು ಮಾನವ ಹೃದಯದ ಅಂಗಾಂಶ ಮತ್ತು ರಕ್ತವೆಂದು ವರದಿ ನೀಡಿದರು. ಹೀಗೆ ಒಂದೇ ಕರಾವಳಿಯ ನೆರೆಹೊರೆಯ ಎರಡು ಊರುಗಳಲ್ಲಿ ಇಬ್ಬರು ಸಂದೇಹಿಗಳ ನೆನಪು ಉಳಿದಿದೆ.

ತೋಮಾಸರು ನೋಡಲು ಕೇಳಿದ್ದು ಏನನ್ನು? ಯೊವಾನ್ನರ ಶುಭಸಂದೇಶದ 20ನೆಯ ಅಧ್ಯಾಯವನ್ನು ಓದುವಾಗ ಇದನ್ನು ಗಮನಿಸಬೇಕು. ಅವರು ಮಹಿಮೆಯ ದೃಶ್ಯವನ್ನು ಕೇಳಲಿಲ್ಲ, ಗಾಯಗಳನ್ನು ಕೇಳಿದರು. ಸುಂದರವಾದುದನ್ನು ಮಾತ್ರ ಅರಸುವ ಕಣ್ಣಿಗೂ ಗಾಯವನ್ನು ಕಾಣಬಯಸುವ ಕಣ್ಣಿಗೂ ಬಹಳ ಅಂತರವಿದೆ. ಗಾಯವನ್ನು ಕಂಡವರು ಆ ಬಳಿಕ ಬರಿಯ ಪ್ರೇಕ್ಷಕರಾಗಿ ಉಳಿಯಲಾರರು. ಅಂತೆಯೇ ತೋಮಾಸರ ನೋಟ ವಿಶ್ವಾಸದ ಅರಿಕೆಯಲ್ಲಿ ಕೊನೆಗೊಂಡಿತು.

ಆ ಕರಾವಳಿಗೂ ಗಾಯಗಳಿವೆ. 1943ರ ಡಿಸೆಂಬರಿನಲ್ಲಿ ಒರ್ತೋನದ ಬೀದಿಬೀದಿಗಳಲ್ಲಿ ಕೆನಡಾ ಮತ್ತು ಜರ್ಮನಿಯ ಸೈನಿಕರು ಹೋರಾಡಿದರು. ಕ್ರಿಸ್ತಜಯಂತಿಯ ದಿನವೂ ಗುಂಡಿನ ಸದ್ದು ನಿಲ್ಲಲಿಲ್ಲ. ತೋಮಾಸರ ದೇವಾಲಯ ಹಾಳಾಗಿ, ಮತ್ತೆ ನಿರ್ಮಾಣಗೊಂಡು 1949ರಲ್ಲಿ ತೆರೆಯಿತು. ಅದಕ್ಕೂ ಮುನ್ನ ನವೆಂಬರಿನಲ್ಲಿ ದಕ್ಷಿಣದ ಸಂಗ್ರೊ ನದಿಯ ರೇಖೆಯಲ್ಲಿ ಎಂಟನೆಯ ಭಾರತೀಯ ಡಿವಿಷನ್ ಕಾದಾಡಿತು. ಅಲ್ಲಿಯ ಯುದ್ಧಸ್ಮಶಾನದಲ್ಲಿ 2,500ಕ್ಕೂ ಹೆಚ್ಚು ಸಮಾಧಿಗಳಿವೆ. ಅದರೊಳಗೇ ಇರುವ ಸ್ಮಾರಕವೊಂದು, ತಮ್ಮ ಧರ್ಮದ ವಿಧಿಯಂತೆ ಅಗ್ನಿಗೆ ಅರ್ಪಿತರಾದ 500ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರುಗಳನ್ನು ಹೊತ್ತಿದೆ. ಪರರಾಳ್ವಿಕೆಯ ಸೇನೆಯಲ್ಲಿ, ಕಾಣದ ದೇಶದಲ್ಲಿ ಅವರು ಮಡಿದರು. ಬೀಚು ಮತ್ತು ಭೋಜನಗೃಹಗಳ ನಡುವೆ ಈ ಸ್ಥಳಕ್ಕೆಂದು ಅರ್ಧ ದಿನ ಮೀಸಲಿಡುವ ಭಾರತೀಯರೆಷ್ಟು ಮಂದಿ? ನೋಟಕ್ಕೆ ಋಣವೆಂಬುದೂ ಉಂಟು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ನ್ಯಾಯವಾದುದೇ. ಜೀವಮಾನದಲ್ಲಿ ಒಮ್ಮೆ, ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಹೋಗುವವರಿಗೆ ‘ಕಡಿಮೆ ನೋಡಿ’ ಎಂದು ಉಪದೇಶಿಸುವುದು ಸುಲಭ. ಅವರು ಮತ್ತೆ ಬರಲಾರರು. ಆದ್ದರಿಂದ ಎಣಿಕೆಯೊಂದೇ ಅಳತೆಗೋಲಲ್ಲ. ಮೂರು ಸ್ಥಳಗಳನ್ನು ಕೃತಜ್ಞತೆಯಿಂದ ಕಾಣುವ ಬಡವನ ನೋಟ, ಒಂದೇ ಸ್ಥಳದಲ್ಲಿ ಬೇಸರದಿಂದ ಕುಳಿತ ಶ್ರೀಮಂತನ ನೋಟಕ್ಕಿಂತ ಮಿಗಿಲು. ಆದರೆ ದಾರಿಯೇ ದಿನವನ್ನು ನುಂಗಿದರೆ ಕೃತಜ್ಞತೆಗೆ ಬಿಡುವೆಲ್ಲಿ? ಇಟಲಿಯ ಅನೇಕ ದೇವಾಲಯಗಳು ಮಧ್ಯಾಹ್ನ ಬಾಗಿಲು ಮುಚ್ಚಿ ಸಂಜೆಯ ಹೊತ್ತಿಗೆ ಮತ್ತೆ ತೆರೆಯುತ್ತವೆ. ಅವಸರದ ಪಟ್ಟಿ ಹಿಡಿದವರಿಗೆ ಅದು ಅಡ್ಡಿ. ಮೆಟ್ಟಿಲ ಮೇಲೆ ಕುಳಿತು ಕಾಯಬಲ್ಲವರಿಗೆ ಅದು ಆ ಊರಿನ ದಿನಚರಿಯಲ್ಲಿ ಸಿಕ್ಕ ಪಾಲು.

ಸಂಜೆಗೆ ಮರಳುವ ಪಯಣದಲ್ಲಿ ಒಂದು ವಿಶೇಷ ಒಳಿತೂ ಇದೆ. ಅದೇ ಹಾಸಿಗೆ, ಅದೇ ಬೇಕರಿ, ಅದೇ ನೆರೆಯವರ ನಮಸ್ಕಾರ. ಮೂರನೆಯ ದಿನ ಅಂಗಡಿಯವರು ನಮ್ಮ ಗುರುತು ಹಿಡಿಯುತ್ತಾರೆ. ಹೋದ ಊರುಗಳಲ್ಲಿ ನಾವು ನೋಡುವವರು. ತಂಗಿದ ಊರಿನಲ್ಲಿ ನಾವೂ ನೋಡಲ್ಪಡುವವರು. ಅತಿಥಿಗೂ ಧರ್ಮವಿದೆಯೆಂಬುದು ನೆನಪಾಗುವುದು ಅಲ್ಲಿಯೇ: ಇರುಳಿನಲ್ಲಿ ಸದ್ದು ಮಾಡದಿರುವುದು, ನೀರು ಪೋಲು ಮಾಡದಿರುವುದು, ಆ ಗ್ರಾಮದ ಭಾನುವಾರದ ಬಲಿಪೂಜೆಯಲ್ಲಿ ಭಾಷೆ ತಿಳಿಯದಿದ್ದರೂ ಅವರೊಡನೆ ಮೊಣಕಾಲೂರುವುದು.

ಪ್ರಿಯ ಓದುಗರೇ, ನಿಮ್ಮ ಮುಂದಿನ ಪಯಣ ಇಟಲಿಗಿರಲಿ, ನೆರೆಯ ಜಿಲ್ಲೆಗಿರಲಿ, ಪಟ್ಟಿ ಬರೆಯಲು ಕುಳಿತಾಗ ಪ್ರತಿ ದಿನಕ್ಕೊಂದು ಪ್ರಶ್ನೆ ಕೇಳಿಕೊಳ್ಳಿ: ಈ ದಿನ ನಾನು ಯಾರ ಗಾಯವನ್ನು ಕಾಣುವೆ, ಯಾರಿಗೆ ಕೃತಜ್ಞನಾಗುವೆ? ಉತ್ತರವಾಗಿ ಒಂದು ಸ್ಥಳ ದೊರೆತರೆ ಅದನ್ನು ಮೊದಲು ಬರೆಯಿರಿ. ಸಮಯ ಮಿಕ್ಕರೆ ಉಳಿದವುಗಳನ್ನು ನೋಡೋಣ.