ಮನೆಗೆ ಸೇರಿದರೂ ದೇಶಕ್ಕೆ ಸೇರದ ಮಕ್ಕಳು



ಅಪೊಸ್ತಲರ ಕೃತ್ಯಗಳ 22ನೆಯ ಅಧ್ಯಾಯದಲ್ಲಿ ಪೌಲನನ್ನು ಬಾರುಗಳಿಂದ ಕಟ್ಟಿ ಕೊರಡೆಯಿಂದ ಹೊಡೆಯುವದಕ್ಕೆ ಸಿದ್ಧಮಾಡಿದ್ದನ್ನು ಓದುತ್ತೇವೆ. ಆತನು ರೋಮಾಪುರದ ಹಕ್ಕುಳ್ಳವನೆಂದು ತಿಳಿದ ಕೂಡಲೆ ಸಹಸ್ರಾಧಿಪತಿಗೆ ಭಯವಾಯಿತು. ಸಹಸ್ರಾಧಿಪತಿಯು ಆ ಹಕ್ಕನ್ನು ಬಹಳ ಹಣಕ್ಕೆ ಕೊಂಡವನು. ಪೌಲನಾದರೋ ಅದರಲ್ಲಿ ಹುಟ್ಟಿದವನು. ಹುಟ್ಟಿನಿಂದಲೂ ಅಲ್ಲದೆ ಹಣದಿಂದಲೂ ಅಲ್ಲದೆ, ಪರದೇಶದಿಂದ ತರಲ್ಪಟ್ಟು ಒಂದು ಮನೆಯ ಮಗುವಾದವರ ಗತಿ ಏನು? ಇದನ್ನೇ ಈ ಸಾರಿ ವಿಚಾರಿಸೋಣ.

1955ರಲ್ಲಿ ಅಮೆರಿಕದ ಆರೆಗನ್ ಸೀಮೆಯ ಹ್ಯಾರಿ ಹೋಲ್ಟ್ ಎಂಬ ಬೇಸಾಯಗಾರನೂ ಅವನ ಹೆಂಡತಿಯೂ ಯುದ್ಧದಿಂದ ನೊಂದ ಕೊರಿಯಾ ದೇಶದ ಎಂಟು ಮಕ್ಕಳನ್ನು ದತ್ತು ತೆಗೆದುಕೊಂಡರು. ಅಷ್ಟು ಮಕ್ಕಳನ್ನು ತರುವದಕ್ಕೆ ಆ ದೇಶದ ಶಾಸನಸಭೆಯು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ತರುವಾಯದ ವರುಷಗಳಲ್ಲಿ ಕೊರಿಯಾದಿಂದ ಮಾತ್ರವೇ ಲಕ್ಷಕ್ಕಿಂತ ಹೆಚ್ಚು ಮಕ್ಕಳು ಅಮೆರಿಕಕ್ಕೆ ಹೋದರು. ನಮ್ಮ ದೇಶದಿಂದಲೂ ಹೋದರು.

ಆದರೆ ನ್ಯಾಯಸ್ಥಾನವು ದತ್ತನ್ನು ಸ್ಥಿರಪಡಿಸಿದರೂ ಮಗುವಿಗೆ ದೇಶದ ಹಕ್ಕು ತಾನಾಗಿ ಬರುತ್ತಿರಲಿಲ್ಲ. ತಂದೆತಾಯಿಗಳು ಬೇರೊಂದು ಅರ್ಜಿಯನ್ನು ಕೊಡಬೇಕಾಗಿತ್ತು. ಕೆಲವರು ಇದನ್ನು ಅರಿಯದೆ ಹೋದರು, ಕೆಲವರು ನಾಳೆ ನೋಡೋಣವೆಂದರು. ನಾವು ಅವರನ್ನು ಬಹು ಕಠಿಣವಾಗಿ ದೂರಲಾರೆವು. ಮಗುವಿನ ಜನನವನ್ನು ಬರೆಯಿಸದೆ ಬಿಟ್ಟ ತಂದೆಗಳು ನಮ್ಮ ಹಳ್ಳಿಗಳಲ್ಲಿ ಕಡಿಮೆಯೋ? ಹೇಗಿದ್ದರೂ ತಪ್ಪು ದೊಡ್ಡವರದು, ಅದರ ಫಲವನ್ನು ಉಣ್ಣುವವರು ಮಕ್ಕಳು.

ಈ ಕೊರತೆಯನ್ನು ನೀಗಿಸಬೇಕೆಂದು 2000ದ ಅಕ್ಟೋಬರದಲ್ಲಿ ಒಂದು ಕಾನೂನಾಯಿತು; ಅದು 2001ರ ಫೆಬ್ರುವರಿ 27ರಂದು ಜಾರಿಗೆ ಬಂತು. ತಂದೆತಾಯಿಗಳಲ್ಲಿ ಒಬ್ಬರಾದರೂ ಆ ದೇಶದ ಪ್ರಜೆಗಳಾಗಿದ್ದು, ಮಗುವು ಅಲ್ಲಿ ಸ್ಥಿರವಾಸದ ಅಪ್ಪಣೆಯುಳ್ಳದ್ದಾಗಿ ಅವರ ವಶದಲ್ಲಿ ವಾಸಿಸುತ್ತಿದ್ದರೆ, ಅರ್ಜಿಯಿಲ್ಲದೆಯೇ ಪ್ರಜೆಯಾಗುವದು. ಒಳ್ಳೇದೇ. ಆದರೆ ಆ ದಿನದಲ್ಲಿ 18 ವರುಷ ತುಂಬಿದ್ದವರು ಹೊರಗುಳಿದರು. ಒಂದೇ ಮನೆಯಲ್ಲಿ ಒಂದೇ ಮೇಜಿನಲ್ಲಿ ಉಂಡು ಬೆಳೆದ ಇಬ್ಬರು ದತ್ತುಮಕ್ಕಳನ್ನು ನೆನಸಿರಿ: 1983ರ ಫೆಬ್ರುವರಿ 28ರಲ್ಲಿ ಹುಟ್ಟಿದವನು ಒಳಗೆ, ಎರಡು ದಿನ ಮುಂಚೆ ಹುಟ್ಟಿದವನು ಹೊರಗೆ!

ಇಂಥವರಲ್ಲಿ ಅನೇಕರು ಪಾಸ್‌ಪೋರ್ಟ್ ಬೇಡಿದಾಗಲೇ ತಮ್ಮ ಸ್ಥಿತಿಯನ್ನು ಅರಿತರು. ಅಪರಾಧದಲ್ಲಿ ಬಿದ್ದವರ ಪಾಡು ಇನ್ನೂ ಘೋರವಾದದ್ದು. ಯಾಕಂದರೆ 1996ರ ಕಾನೂನು ಪರದೇಶಸ್ಥರನ್ನು ಗಡೀಪಾರು ಮಾಡುವದಕ್ಕೆ ಕಾರಣಗಳನ್ನು ಬಹಳವಾಗಿ ಹೆಚ್ಚಿಸಿತು. ಅದೇ ಮನೆಯಲ್ಲಿ ಹುಟ್ಟಿದ ಮಗನು ಅದೇ ತಪ್ಪನ್ನು ಮಾಡಿದರೆ ಸೆರೆಯನ್ನು ತೀರಿಸಿ ಮನೆಗೆ ಹಿಂದಿರುಗುವನು. ದತ್ತುಮಗನನ್ನಾದರೋ ಅವನು ಮಾತನ್ನೂ ಅರಿಯದ, ಬಂಧುಗಳನ್ನೂ ಕಾಣದ ಜನ್ಮದೇಶಕ್ಕೆ ಕಳುಹಿಸಿದರು. ಹೀಗೆ ಕೊರಿಯಾಕ್ಕೂ ಬ್ರೆಜಿಲಿಗೂ ನಮ್ಮ ದೇಶಕ್ಕೂ ಬಂದವರುಂಟು. ಇದನ್ನು ನ್ಯಾಯವೆಂದು ನಾವು ಹೇಳಲಾರೆವು. ತಿದ್ದುಪಡಿಯ ಮಸೂದೆಯನ್ನು 2015ರಿಂದ ಹಲವು ಸಾರಿ ಮಂಡಿಸಿದರು. 2022ರಲ್ಲಿ ಕೆಳಮನೆಯು ಅದನ್ನು ದೊಡ್ಡ ಮಸೂದೆಯೊಂದರೊಳಗೆ ಸೇರಿಸಿ ಒಪ್ಪಿದರೂ, ಕಡೆಗೆ ಕಾನೂನಾದದ್ದರಲ್ಲಿ ಅದು ಇರಲಿಲ್ಲ.

ಪೌಲನು ಗಲಾತ್ಯದವರಿಗೂ ರೋಮಾಪುರದವರಿಗೂ ಬರೆಯುವಾಗ, ನಾವು ದೇವರಿಗೆ ದತ್ತುಮಕ್ಕಳೂ ಆದಕಾರಣ ಬಾಧ್ಯರೂ ಆಗಿದ್ದೇವೆಂದು ಬೋಧಿಸುತ್ತಾನೆ. ರೋಮಾಯರ ನ್ಯಾಯದ ಮೇರೆಗೆ ದತ್ತುಮಗನು ತಂದೆಯ ಹೆಸರನ್ನೂ ಆಸ್ತಿಯನ್ನೂ ಹೊಂದುತ್ತಿದ್ದನು. ನಮ್ಮನ್ನು ತೆಗೆದುಕೊಂಡ ತಂದೆಯು ಮನೆಯೊಳಗೆ ಕರೆದು ಬಾಧ್ಯತೆಯನ್ನು ಬರೆಯದೆ ಬಿಟ್ಟವನಲ್ಲ, ನಮ್ಮ ವಯಸ್ಸನ್ನು ಎಣಿಸಿದವನೂ ಅಲ್ಲ.

ನಮ್ಮ ದೇಶದ ಕ್ರೈಸ್ತರು 1890ರ ಕಾನೂನಿನ ಪ್ರಕಾರ ಬಹುಕಾಲ ಮಗುವಿಗೆ ಪೋಷಕರು ಮಾತ್ರ ಆಗಬಹುದಾಗಿತ್ತು. ಬಾಲನ್ಯಾಯದ ಕಾನೂನು 2006ರಲ್ಲಿ ತಿದ್ದುಪಡಿಯಾದ ಮೇಲೆ ದತ್ತಿನ ದಾರಿಯು ಸ್ಪಷ್ಟವಾಯಿತು. ಹಿಂದೆ ಪರದೇಶದವರೂ ಆ 1890ರ ಕಾನೂನಿನಂತೆಯೇ ಇಲ್ಲಿಯ ಮಕ್ಕಳನ್ನು ಒಯ್ದು, ದತ್ತನ್ನು ತಮ್ಮ ದೇಶದಲ್ಲಿ ಪೂರೈಸಬೇಕಾಗಿತ್ತು. ಅಂಥ ಮಗುವು ಈಗ ನಡುವಯಸ್ಸಿನವನಾಗಿ ನಿಮ್ಮ ಬೋಧಕರ ಬಾಗಲಿಗೆ ಬಂದು, ಕನ್ನಡವನ್ನರಿಯದೆ, ತನ್ನ ಜನನದ ಗುರುತನ್ನು ಕೇಳಬಹುದು. ಆಗ ಜ್ಞಾನಸ್ನಾನದ ಹಳೇ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆಯಿರಿ. ಅವನೊಂದಿಗೆ ಕೂತು ಹುಡುಕಿರಿ.