ಬೆಳೆಯುವುದು ಗಿಡವೋ, ಹೊಲವೋ?

ಹಲವು ಜಾತಿಯ ಸಸ್ಯಗಳು ಕೂಡಿ ಬೆಳೆದ ನೆಲ ಒಂದೇ ಜಾತಿ ಆವರಿಸಿದ ನೆಲಕ್ಕಿಂತ ಸಾಮಾನ್ಯವಾಗಿ ಹೆಚ್ಚು ಫಸಲು ಕೊಡುತ್ತದೆ. ಹುಲ್ಲುಗಳ ವಿಷಯದಲ್ಲಿ ಚಾರ್ಲ್ಸ್ ಡಾರ್ವಿನ್ 1859ರಷ್ಟು ಹಿಂದೆಯೇ ಈ ಮಾತು ಬರೆದಿದ್ದರು. ಅದಕ್ಕೆ ಅಳತೆ ಸಿಕ್ಕಿದ್ದು ಅಮೆರಿಕದ ಮಿನೆಸೋಟ ರಾಜ್ಯದ ಸೀಡರ್ ಕ್ರೀಕ್‌ನಲ್ಲಿ. ಡೇವಿಡ್ ಟಿಲ್ಮನ್ ಮತ್ತು ಸಂಗಡಿಗರು 1994ರಲ್ಲಿ ಅಲ್ಲಿ 1, 2, 4, 8, 16 ಜಾತಿಗಳ ಮಡಿಗಳನ್ನು ಬಿತ್ತಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 16 ಜಾತಿಗಳ ಮಡಿಯ ಸಸ್ಯರಾಶಿ ಒಂಟಿ ಜಾತಿಯ ಮಡಿಯದಕ್ಕಿಂತ 2.7 ಪಟ್ಟು ಇತ್ತು.

ಹೀಗೆ ಹೆಚ್ಚಾಗಿ ಬಂದದ್ದು ಯಾರ ಗಳಿಕೆ? ಒಂದೊಂದು ಗಿಡದ್ದೋ, ಕೂಟದ್ದೋ? ಭಾರತೀಯ ದರ್ಶನಗಳಿಗೆ ಈ ಜಿಜ್ಞಾಸೆ ಹೊಸದಲ್ಲ. ನ್ಯಾಯ ದರ್ಶನದವರಾದ ನೈಯಾಯಿಕರಿಗೆ ಅವಯವಿ, ಅಂದರೆ ಇಡಿ, ಎಂಬುದು ಅವಯವಗಳಲ್ಲಿ ನೆಲೆಸಿದ್ದರೂ ಅವುಗಳಿಂದ ಬೇರೆಯಾದ ವಸ್ತು. ನೂಲಿನಿಂದಾದ ಬಟ್ಟೆ ಬರಿಯ ನೂಲಲ್ಲ. ಬೌದ್ಧರು ಇದನ್ನು ಒಪ್ಪಲಿಲ್ಲ. ಅವರ ಪಾಲಿಗೆ ಇಡಿ ಎಂಬುದು ಬಿಡಿಗಳ ಗುಂಪಿಗೆ ವ್ಯವಹಾರಕ್ಕಾಗಿ ಇಟ್ಟ ಹೆಸರು ಮಾತ್ರ.

ಪರಿಸರ ವಿಜ್ಞಾನದಲ್ಲೂ ಇಂಥದೇ ವಾದ ನಡೆಯಿತು. ಜಾತಿಗಳ ಸಂಖ್ಯೆ ಏರಿದಂತೆ ಹುಲುಸಾಗಿ ಬೆಳೆಯುವ ಒಂದು ಜಾತಿ ಅವುಗಳಲ್ಲಿ ಸೇರಿಕೊಳ್ಳುವ ಸಂಭವವೂ ಏರುತ್ತದೆ, ಲಾಭವೆಲ್ಲ ಅದೊಂದರದೇ ಇರಬಹುದು ಎಂದು ಮೈಕೆಲ್ ಹಸ್ಟನ್ 1997ರಲ್ಲಿ ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪವೇ. ಬಲಿಷ್ಠ ಜಾತಿಯ ಪಾಲು ಎಷ್ಟು, ಪರಸ್ಪರ ಪೂರಕತೆಯ ಪಾಲು ಎಷ್ಟು ಎಂದು ಬೇರ್ಪಡಿಸುವ ಲೆಕ್ಕವನ್ನು ಮಿಷೆಲ್ ಲೊರೋ ಮತ್ತು ಆಂಡಿ ಹೆಕ್ಟರ್ 2001ರಲ್ಲಿ ರೂಪಿಸಿದರು. ಸೀಡರ್ ಕ್ರೀಕ್‌ನಲ್ಲಿ ವರ್ಷಗಳು ಉರುಳಿದಂತೆ ಪೂರಕತೆಯ ಪಾಲೇ ದೊಡ್ಡದಾಯಿತು.

ಈ ಪೂರಕತೆಯನ್ನು ಕಣ್ಣಾರೆ ನೋಡಬೇಕಾದರೆ ದಕ್ಷಿಣ ಕರ್ನಾಟಕದ ರಾಗಿ ಹೊಲದ ಅಕ್ಕಡಿ ಸಾಲನ್ನು ನೋಡಬೇಕು. ಕೂರಿಗೆಯಲ್ಲಿ ರಾಗಿ ಬಿತ್ತುತ್ತಲೇ ನಡುನಡುವೆ ಒಂದೊಂದು ಸಾಲು ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಬಿತ್ತುತ್ತಾರೆ. ರಾಗಿಯ ಬೇರು ಮೇಲ್ಮಣ್ಣಿನಲ್ಲೇ ಹರಡಿಕೊಳ್ಳುತ್ತದೆ, ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ತೊಗರಿ ನಿಧಾನವಾಗಿ ಬೆಳೆಯುವುದರಿಂದ ರಾಗಿಗೆ ಬಿಸಿಲಿನ ಕೊರತೆಯಾಗದು. ರಾಗಿ ಕಟಾವಾದ ಮೇಲೆ ತೊಗರಿಗೂ ಅವರೆಗೂ ಹೊಲವೆಲ್ಲ ತೆರವು. ದ್ವಿದಳದ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಬೇರೆ ಬೆಳೆಗಳಿಗೆ ಸುಲಭವಾಗಿ ದಕ್ಕದ ರಂಜಕವನ್ನು ತೊಗರಿಯ ಬೇರು ತಾನು ಸ್ರವಿಸುವ ಆಮ್ಲಗಳಿಂದ ಬಿಡಿಸಿಕೊಳ್ಳಬಲ್ಲದು. ತೊಗರಿ ಉದುರಿಸುವ ಎಲೆ ಮುಂದಿನ ಬೆಳೆಗೆ ಗೊಬ್ಬರ. ನಡುವೆ ಮಳೆ ಕೈಕೊಟ್ಟು ರಾಗಿ ಒಣಗಿದರೂ ಆಳದ ತೇವ ಹೀರುವ ಬೆಳೆ ಮನೆಗೆ ಬರುತ್ತದೆ.

ಹಾಗಾದರೆ ಹೊಲವೆಂಬ ಅವಯವಿ ನಿಜವೇ? ಸಾಲುಗಳನ್ನು ಬಿಟ್ಟು ಪ್ರತ್ಯೇಕವಾಗಿ ನಿಂತ ಹೊಲ ಎಲ್ಲೂ ಕಾಣುವುದಿಲ್ಲ, ಅಷ್ಟರಮಟ್ಟಿಗೆ ಬೌದ್ಧರ ಮಾತು ಸರಿ. ಆದರೆ ಒಂಟಿ ತೊಗರಿಯನ್ನು ಎಷ್ಟು ಪರೀಕ್ಷಿಸಿದರೂ ರಾಗಿಯ ಪಕ್ಕದಲ್ಲಿ ಅದು ಮಾಡುವ ಕೆಲಸ ಪೂರ್ತಿ ತಿಳಿಯುವುದಿಲ್ಲ. ಇಲ್ಲಿ ವಾಸ್ತವವಾದದ್ದು ಸಂಬಂಧ. ಇಳುವರಿಯ ಒಂದು ಭಾಗ ಹುಟ್ಟುವುದೇ ಅದರಿಂದ.

ಅದನ್ನು ಅಳೆಯುವಲ್ಲಿ ಮತ್ತೊಂದು ತೊಡಕಿದೆ. ಮಿಶ್ರ ಬೆಳೆಯಲ್ಲಿ ರಾಗಿಯೊಂದರ ತೂಕ ಸಾಮಾನ್ಯವಾಗಿ ಇಳಿಯುತ್ತದೆ. ಕೃಷಿ ವಿಜ್ಞಾನಿಗಳು ಇದಕ್ಕೆ ಭೂಸಮಾನತೆಯ ಅನುಪಾತವನ್ನು ಬಳಸುತ್ತಾರೆ. ಒಂಟಿಯಾಗಿ ಬೆಳೆದಾಗ ಸಿಗುವುದರಲ್ಲಿ ರಾಗಿ ಶೇ. 80, ತೊಗರಿ ಶೇ. 50 ಕೊಟ್ಟಿತೆಂದು ಇಟ್ಟುಕೊಂಡರೆ ಅನುಪಾತ 1.3, ಅಷ್ಟನ್ನೇ ಬೇರೆ ಬೇರೆಯಾಗಿ ಬೆಳೆಯಲು ಒಂದು ಎಕರೆಯ ಬದಲು 1.3 ಎಕರೆ ಬೇಕಾಗುತ್ತದೆ. ರಾಗಿಯನ್ನಷ್ಟೇ ತೂಗಿದವರಿಗೆ ಅದೇ ಹೊಲ ನಷ್ಟದ್ದಾಗಿ ಕಾಣುತ್ತದೆ. ಏನನ್ನು ಎಣಿಸಬೇಕು ಎಂಬುದನ್ನು ತಕ್ಕಡಿ ತೀರ್ಮಾನಿಸುವುದಿಲ್ಲ, ಮನುಷ್ಯರು ಮೊದಲೇ ತೀರ್ಮಾನಿಸಿರುತ್ತಾರೆ.

ತೂಕದ ವಾದಕ್ಕೆ ಮಿತಿಯೂ ಇದೆ. ಪೋಷಕಾಂಶ ತುಂಬಿದ ಕೆರೆಯಂಚಿನ ಕೆಸರಿನಲ್ಲಿ ಜೊಂಡು ತಾನೊಂದೇ ದಟ್ಟವಾಗಿ ಬೆಳೆದು ರಾಶಿಗಟ್ಟಲೆ ಹಸಿರು ಕೊಡಬಲ್ಲದು. ವೈವಿಧ್ಯವನ್ನು ತೂಕದಿಂದಲೇ ಸಮರ್ಥಿಸುವವರು ಅಲ್ಲಿ ಜೊಂಡಿನ ಪಕ್ಷ ವಹಿಸಬೇಕಾಗುತ್ತದೆ. ಆದರೆ ತೂಕವೊಂದೇ ಅಳತೆಯಲ್ಲ. ಫಾರೆಸ್ಟ್ ಇಸ್ಬೆಲ್ ಮತ್ತು ಸಂಗಡಿಗರು 2011ರಲ್ಲಿ 17 ಹುಲ್ಲುಗಾವಲು ಪ್ರಯೋಗಗಳ 147 ಜಾತಿಗಳನ್ನು ಪರಿಶೀಲಿಸಿದಾಗ, ಬೇರೆ ಬೇರೆ ವರ್ಷ, ಸ್ಥಳ, ಕಾರ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಶೇ. 84ರಷ್ಟು ಜಾತಿಗಳು ಒಮ್ಮೆಯಾದರೂ ನೆರವಿಗೆ ಬಂದಿದ್ದವು. ಒಂದು ವರ್ಷ ನೋಡಿ ನಿರುಪಯುಕ್ತವೆಂದು ತೀರ್ಪು ಕೊಡುವುದು ಎಷ್ಟು ಅವಸರದ ಕೆಲಸ ಎಂಬುದಕ್ಕೆ ಇದು ಸಾಕ್ಷಿ. ಉಳಿದ ಶೇ. 16ರ ಪರವಾಗಿ ಮಾತ್ರ ಇಳುವರಿಯ ವಾದ ಏನನ್ನೂ ಹೇಳಲಾರದು. ಅವುಗಳ ಪರ ನಿಲ್ಲಲು, ಜೀವಿಗಳಿಗೆ ಮನುಷ್ಯನ ಪ್ರಯೋಜನವನ್ನು ಮೀರಿದ ಬೆಲೆಯಿದೆ ಎಂದು ನಾರ್ವೆಯ ದಾರ್ಶನಿಕ ಆರ್ನೆ ನೇಸ್ ವಾದಿಸಿದಂಥ ಬೇರೆ ನೆಲೆಯೇ ಬೇಕು.